ಸಣ್ಣ ಬ್ಯಾಟರಿ ಸ್ಕ್ರೂಡ್ರೈವರ್ ನಮ್ಮ ಕಡೆ ಮನೆಗಳಿಗೆ ಸಾಕಾ?

ಕಾಜುಬಾಗದವ

ಎಲ್ಲರಿಗೂ ನಮಸ್ಕಾರ. ವರ್ಗವಾಗಿ ಕಾರವಾರಕ್ಕೆ ಬಂದಿದ್ದೇನೆ. ಬಾಡಿಗೆ ಮನೆ, ಸ್ವಲ್ಪ ಹಳೆಯದು. ಎಲ್ಲಿ ನೋಡಿದರೂ ಒಂದು ಸ್ಕ್ರೂ ಸಡಿಲ. ಅಡುಗೆಮನೆ ಕಪಾಟಿನ ಬಾಗಿಲು ಜೋತು ಬಿದ್ದಿದೆ. ಪರದೆ ರಾಡು ಒಂದು ಕಡೆ ಇಳಿದಿದೆ. ಕಿಟಕಿಯ ಚಿಲಕ ಕೂರುವುದಿಲ್ಲ. ಕುಕ್ಕರ್ ಹಿಡಿಯೂ ಅಲ್ಲಾಡುತ್ತದೆ. ಇಷ್ಟಕ್ಕೆಲ್ಲ ಬಡಿಗರನ್ನು ಕರೆದರೆ ಬರುವುದಿಲ್ಲ, ಬಂದರೆ ಅವರ ಅರ್ಧ ದಿನ ಹಾಳು.

ಮೊಬೈಲ್ ಚಾರ್ಜರ್‌ನಲ್ಲೇ ಚಾರ್ಜ್ ಆಗುವ 3.6 ವೋಲ್ಟ್‌ನ ಪುಟ್ಟ ಸ್ಕ್ರೂಡ್ರೈವರ್ ನೋಡಿದೆ. ತಗೊಳ್ಳಲಾ? ಮನೆಯವಳು ಹೇಳುವುದು, ದುಡ್ಡು ಹಾಕುವುದಾದರೆ ಗೋಡೆ ಕೊರೆಯುವಂಥದ್ದೇ ತಗೊಳ್ಳಿ ಅಂತ. ಬಳಸಿ ಗೊತ್ತಿದ್ದವರು ಹೇಳಿ.

ತೋಟದ ಮನೆ, ಶಿರಸಿ

ಕೈ ಇದೆಯಲ್ಲ ಮಾರಾಯ್ರೆ? ನಮ್ಮಲ್ಲಿ ಅಪ್ಪನ ಕಾಲದ ಮರದ ಹಿಡಿಯ ಸ್ಕ್ರೂಡ್ರೈವರ್ ಇನ್ನೂ ಇದೆ. ಚಾರ್ಜೂ ಬೇಡ, ಕೇಬಲ್ಲೂ ಬೇಡ.

ಹೊನ್ನಾವರ ಬಡಿಗ

ಭಾವ, ನಿಮ್ಮದು ತೋಟದ ಕೈ. ಎಲ್ಲರದ್ದೂ ಹಾಗಿರುತ್ತದಾ?

ಕಾಜುಬಾಗದವರಿಗೆ ನನ್ನ ಉತ್ತರ: ತಗೊಳ್ಳಿ, ಆದರೆ ಅದು ಡ್ರಿಲ್ ಅಂತ ತಿಳಿದು ತಗೊಳ್ಳಬೇಡಿ. ಜನ ಎಡವುವುದೇ ಇಲ್ಲಿ. ಪೆಟ್ಟಿಗೆಯ ಮೇಲೆ 3 ನ್ಯೂಟನ್ ಮೀಟರ್, 5 ನ್ಯೂಟನ್ ಮೀಟರ್ ಅಂತ ಬರೆದಿರುತ್ತಾರೆ. ಅದು ತಿರುಚುವ ಬಲ. 10 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಗೆ ಐದು ಕಿಲೋ ತೂಗು ಹಾಕಿದರೆ ಹೆಚ್ಚುಕಮ್ಮಿ 5 ನ್ಯೂಟನ್ ಮೀಟರ್. ಗಟ್ಟಿ ಹಿಡಿಯ ಸ್ಕ್ರೂಡ್ರೈವರ್ ಹಿಡಿದು ನೀವು ಜೋರಾಗಿ ತಿರುಗಿಸಿದರೆ ನಿಮ್ಮ ಕೈಯೂ ಅಷ್ಟನ್ನು ಕೊಟ್ಟೀತು. ಅಂದರೆ ಈ ಮೆಷಿನ್ ನಿಮಗಿಂತ ಬಲಶಾಲಿ ಅಲ್ಲ. ದಣಿಯುವುದಿಲ್ಲ, ಅಷ್ಟೇ. 12 ವೋಲ್ಟ್‌ನ ಸಾಧಾರಣ ಡ್ರಿಲ್ ಡ್ರೈವರ್ 30 ನ್ಯೂಟನ್ ಮೀಟರ್ ಆಸುಪಾಸು ಕೊಡುತ್ತದೆ. ಅದರ ದಾರಿಯೇ ಬೇರೆ.

ವೇಗವೂ ಹಾಗೆಯೇ. ಬಾಷ್ ಕಂಪನಿಯ ಗೋ ಎಂಬ ಸಣ್ಣ ಸ್ಕ್ರೂಡ್ರೈವರ್ ಅಂಥದ್ದು ನಿಮಿಷಕ್ಕೆ 360 ಸುತ್ತು. ಬಹಳಷ್ಟು ಸಣ್ಣವು 200ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಡ್ರಿಲ್ ಆದರೆ ಸಾವಿರ ದಾಟುತ್ತದೆ. ಆ 200 ಸುತ್ತಿನಲ್ಲಿ ಮರಕ್ಕೆ ತೂತು ಹಾಕಲು ಹೋದರೆ ಸಂಜೆಯಾಗುತ್ತದೆ.

ಈಗ ನಮ್ಮ ಊರಿನ ವಿಷಯ. ಪ್ಲೈವುಡ್‌ಗೆ, ಪಾರ್ಟಿಕಲ್ ಬೋರ್ಡ್‌ಗೆ 25 ಮಿ.ಮೀ. ಸ್ಕ್ರೂ ಸುಲಭವಾಗಿ ಇಳಿಸುತ್ತದೆ. ಆದರೆ ನಿಮ್ಮ ಕಿಟಕಿ ಚೌಕಟ್ಟು ಹಳೆಯದು ಅಂದಿರಿ. ಈ ಕಡೆ ಹಳೆ ಮನೆ ಅಂದರೆ ಮತ್ತಿ, ಹೊನ್ನೆ, ಹಲಸು, ಇಲ್ಲ ಸಾಗವಾನಿ. ಒಣಗಿದ ಮತ್ತಿಗೆ ತೂತು ಹಾಕದೆ ಸ್ಕ್ರೂ ಇಟ್ಟರೆ ಈ ಮೆಷಿನ್ ಅರ್ಧಕ್ಕೆ ನಿಂತು ಗುಂಯ್ ಅನ್ನುತ್ತದೆ. 4 ಮಿ.ಮೀ. ಸ್ಕ್ರೂಗೆ ಮೊದಲು 3 ಮಿ.ಮೀ. ತೂತು ಹಾಕಿ. ಡ್ರಿಲ್ ಇಲ್ಲದಿದ್ದರೆ ಕೈ ಬೈರಿಗೆ ಸಾಕು. ಸ್ಕ್ರೂ ಮೈಗೆ ಬಟ್ಟೆ ಸೋಪು ಉಜ್ಜಿ. ಮೇಣದಬತ್ತಿ ಇನ್ನೂ ಒಳ್ಳೆಯದು. ಸೋಪು ತೇವ ಎಳೆಯುತ್ತದೆ, ಮಳೆಗಾಲದಲ್ಲಿ ಒಳಗೇ ತುಕ್ಕು ಹಿಡಿಸುತ್ತದೆ. ಆಮೇಲೆ ನೋಡಿ, ಅದೇ ಸಣ್ಣ ಮೆಷಿನ್ ಚೆಂದವಾಗಿ ಒಳಗೆ ಕಳಿಸುತ್ತದೆ.

ಕೊನೆಯ ಅರ್ಧ ಸುತ್ತು ಕೈಯಲ್ಲೇ ಇರಲಿ. ಒಳ್ಳೆಯವುಗಳಲ್ಲಿ ಸ್ವಿಚ್ ಬಿಟ್ಟ ಕೂಡಲೇ ಮುಂದಿನ ತುದಿ ಲಾಕ್ ಆಗುತ್ತದೆ. ಆಗ ಇಡೀ ಮೆಷಿನ್ನನ್ನೇ ಸ್ಕ್ರೂಡ್ರೈವರ್ ತರಹ ಕೈಯಿಂದ ತಿರುಗಿಸಬಹುದು. ಅಂಗಡಿಯಲ್ಲಿ ಇದೊಂದನ್ನು ಕೇಳಿ ನೋಡಿ. ಇಲ್ಲದಿದ್ದರೆ ಬೇರೆಯದು ತೋರಿಸಿ ಅನ್ನಿ.

ಕುಮಟಾ ಅಕ್ಕ

ಕೈ ಇದೆಯಲ್ಲ ಅಂದ ಅಣ್ಣನಿಗೆ ಒಂದು ಮಾತು. ನನಗೆ ಮಣಿಕಟ್ಟಿನ ನೋವು. ಹತ್ತು ಸ್ಕ್ರೂ ತಿರುಗಿಸಿದರೆ ರಾತ್ರಿ ಚಪಾತಿ ಲಟ್ಟಿಸುವುದಕ್ಕೆ ಆಗುವುದಿಲ್ಲ. ಈ ಮೆಷಿನ್ ಬಂದ ಮೇಲೆ ಮನೆಯ ಸ್ಕ್ರೂ ಕೆಲಸ ಎಲ್ಲ ನನ್ನದೇ. ಯಜಮಾನರನ್ನು ಭಾನುವಾರಕ್ಕೆ ಕಾಯುವುದು ತಪ್ಪಿದೆ.

ಕಪಾಟಿನ ಬಾಗಿಲು ಜೋತು ಬಿದ್ದದ್ದಕ್ಕೆ ಹೇಳುತ್ತೇನೆ. ಈಗಿನ ಮಾಡ್ಯುಲರ್ ಕಪಾಟಿನಲ್ಲಿ ಬಾಗಿಲಿಗೆ ದುಂಡು ಬಟ್ಟಲಿನ ಬಿಜಾಗರಿ ಇರುತ್ತದೆ. ಅದರ ತೋಳಿನ ಮೇಲೆ ಎರಡು ಸ್ಕ್ರೂ. ಬಾಗಿಲ ಕಡೆ ಇರುವುದು ಬಾಗಿಲನ್ನು ಎಡಕ್ಕೆ ಬಲಕ್ಕೆ ಸರಿಸುತ್ತದೆ. ಹಿಂದಿನದು ಒಳಗೆ ಹೊರಗೆ. ಮೇಲೆ ಕೆಳಗೆ ಸರಿಸಬೇಕಾದರೆ ಕಪಾಟಿನ ಪಕ್ಕದ ಹಲಗೆ ಮೇಲಿರುವ ಪ್ಲೇಟಿನ ಸ್ಕ್ರೂ ಸಡಿಲಿಸಬೇಕು. ಹೊಂದಿಸುವಾಗ ಮೆಷಿನ್ ಬೇಡ, ಅರ್ಧರ್ಧ ಸುತ್ತು ಕೈಯಲ್ಲಿ. ಬಾಗಿಲು ಪೂರ್ತಿ ಬಿಚ್ಚಿ ಕಟ್ಟುವಾಗ ಮಾತ್ರ ಮೆಷಿನ್.

ಪ್ಲೇಟಿನ ಸ್ಕ್ರೂ ಸುಮ್ನೆ ಸುತ್ತುತ್ತಿದ್ದರೆ ತೂತು ಸವೆದಿದೆ ಅಂತ ಅರ್ಥ. ಪೊರಕೆ ಕಡ್ಡಿ ತುಂಡು ಮಾಡಿ, ಫೆವಿಕಾಲ್ ಹಚ್ಚಿ ತೂತಿಗೆ ತುಂಬಿ. ಒಂದು ರಾತ್ರಿ ಒಣಗಲಿ. ಮಳೆಗಾಲವಾದರೆ ಎರಡು ರಾತ್ರಿ. ಆಮೇಲೆ ಅದೇ ಸ್ಕ್ರೂ ಹಿಡಿಯುತ್ತದೆ.

ಇನ್ನು ಕುಕ್ಕರ್ ಹಿಡಿ. ಅದಕ್ಕೆ ದಯವಿಟ್ಟು ಮೆಷಿನ್ ತರಬೇಡಿ. ಹಿಡಿ ಬೇಕಲೈಟಿನದು, ಜೋರು ಬಿದ್ದರೆ ಚಟ್ ಅಂತ ಸೀಳುತ್ತದೆ. ಕುಕ್ಕರ್ ತಣ್ಣಗಾದ ಮೇಲೆ ಕೈಯಲ್ಲಿ ಬಿಗಿ ಮಾಡಿ. ಪದೇ ಪದೇ ಸಡಿಲ ಆಗುತ್ತಿದ್ದರೆ ಆ ಕಂಪನಿಯದೇ ಹೊಸ ಹಿಡಿ, ಹೊಸ ಸ್ಕ್ರೂ ಹಾಕಿಸಿ. ಒಳಗೆ ಪ್ರೆಶರ್ ಇರುವ ಪಾತ್ರೆ, ಅಲ್ವಾ.

ತೋಟದ ಮನೆ, ಶಿರಸಿ

ಅಕ್ಕ ಹೇಳಿದ ಮೇಲೆ ಸರಿ. ನನ್ನ ಮಾತು ವಾಪಸ್ ತಗೊಂಡೆ. ಅರ್ಧ ಮಾತ್ರ.

ಕಾಜುಬಾಗದವ

ಬಹಳ ಉಪಕಾರ. ಬಡಿಗರೇ, ಪರದೆ ರಾಡಿನ ಗೋಡೆ ಚಿರೇಕಲ್ಲಿನದು. ರಾಡಿನ ಬ್ರಾಕೆಟ್ ಹಳೇ ತೂತಿನಲ್ಲಿ ನಿಲ್ಲುತ್ತಿಲ್ಲ. ಇದರಿಂದ ಹೊಸ ತೂತು ಹಾಕಲು ಸಾಧ್ಯವೇ ಇಲ್ಲವಾ? ಚಿರೇಕಲ್ಲು ಮೆದು ಅಂತಾರಲ್ಲ.

ಹೊನ್ನಾವರ ಬಡಿಗ

ಕಲ್ಲು ಮೆದು, ಮೇಲಿನ ಸಿಮೆಂಟ್ ಗಿಲಾವು ಮೆದು ಅಲ್ಲ. ಈ ಮೆಷಿನ್ನಿನಿಂದ ಗೋಡೆ ಕೊರೆಯುವ ಯೋಚನೆ ಬಿಟ್ಟುಬಿಡಿ. ಡ್ರಿಲ್ ಇದ್ದವರ ಹತ್ತಿರ ಒಂದು ಗಂಟೆಗೆ ಕೇಳಿ ತನ್ನಿ. ಬಾಡಿಗೆಗೂ ಸಿಗುತ್ತದೆ.

ಚಿರೇಕಲ್ಲಿನ ತೊಂದರೆ ಕೊರೆಯುವುದಲ್ಲ, ಹಿಡಿಯುವುದು. ಅದರ ಮೈತುಂಬ ಪೊಳ್ಳು. ಡ್ರಿಲ್ಲಿನ ಹ್ಯಾಮರ್ ಹಾಕಿ, ಅಂದರೆ ಕುಟ್ಟುತ್ತಾ ಕೊರೆದರೆ ತೂತು ಉದುರಿ ಅಗಲ ಆಗುತ್ತದೆ. 6 ಮಿ.ಮೀ. ಬಿಟ್ ಹಾಕಿದ ಕಡೆ 8 ಮಿ.ಮೀ. ಪ್ಲಗ್ಗೂ (ಸ್ಕ್ರೂ ಹಿಡಿಯಲು ಗೋಡೆ ತೂತಿಗೆ ತುರುಕುವ ಪ್ಲಾಸ್ಟಿಕ್ ಬೆಣೆ) ಸಡಿಲ ಬರುತ್ತದೆ. ಗಿಲಾವು ದಾಟುವವರೆಗೆ ಮಾತ್ರ ಹ್ಯಾಮರ್ ಇಡಿ, ಕಲ್ಲು ಸಿಕ್ಕ ಮೇಲೆ ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿ. ಪುಡಿ ಊದಿ ತೆಗೆಯಿರಿ, ಕಣ್ಣು ಮುಚ್ಚಿಕೊಂಡು. ಪ್ಲಗ್ ಉದ್ದದ್ದು ಹಾಕಿ, 50 ಮಿ.ಮೀ.ಗೆ ಕಡಿಮೆ ಬೇಡ. ಗಿಲಾವಿನಲ್ಲೇ ನಿಂತ ಪ್ಲಗ್ ಪರದೆ ಎಳೆದಾಗ ಕಿತ್ತು ಬರುತ್ತದೆ. ನಿಮ್ಮದು ಆದದ್ದೂ ಅದೇ ಇರಬೇಕು. ಪ್ಲಗ್ ಕೂತ ಮೇಲೆ ಬ್ರಾಕೆಟ್ ಸ್ಕ್ರೂ ಬಿಗಿಯಲು ನಿಮ್ಮ ಸಣ್ಣ ಮೆಷಿನ್ ತಕ್ಕ ಕೆಲಸಗಾರ. ಸ್ಟೂಲ್ ಮೇಲೆ ನಿಂತು ಒಂದು ಕೈಯಲ್ಲಿ ರಾಡು, ಒಂದು ಕೈಯಲ್ಲಿ ಮೆಷಿನ್. ದೊಡ್ಡ ಡ್ರಿಲ್ ಎತ್ತಿ ಹಿಡಿದರೆ ಭುಜ ಬೀಳುತ್ತದೆ.

ಬೈತಖೋಲ್ ರಿಪೇರಿ

ಬಂದರಿನ ಕಡೆಯವನು. ಬೋಟಿನ ಕೆಲಸ. ಎಲ್ಲರೂ ಸ್ಕ್ರೂ ಹಾಕುವುದನ್ನೇ ಹೇಳುತ್ತಿದ್ದೀರಿ. ಕಾರವಾರದಲ್ಲಿ ನಿಜವಾದ ಕೆಲಸ ಬಿಚ್ಚುವುದು.

ಸಮುದ್ರದ ಗಾಳಿಯಲ್ಲಿ ಉಪ್ಪು ಇರುತ್ತದೆ. ಅದು ಸ್ಕ್ರೂ ತಲೆಯ ಗೀರಿನಲ್ಲಿ ಕೂತು ತೇವ ಎಳೆಯುತ್ತದೆ. ಮೇಲಿನ ಸತುವಿನ ಲೇಪ ಮೊದಲು ಬಿಳಿ ಪುಡಿ ಆಗುತ್ತದೆ, ಆಮೇಲೆ ಕೆಂಪು ತುಕ್ಕು. ಕಿಟಕಿ ಸಮುದ್ರದ ಕಡೆಗಿದ್ದರೆ ಕೇಳುವುದೇ ಬೇಡ. ಆ ಚಿಲಕದ ಸ್ಕ್ರೂಗೆ ನೇರ ಮೆಷಿನ್ ಹಚ್ಚಿದರೆ ಎರಡರಲ್ಲಿ ಒಂದು: ಮೆಷಿನ್ ನಿಲ್ಲುತ್ತದೆ, ಇಲ್ಲ ಬಿಟ್, ಅಂದರೆ ಮೆಷಿನ್ನಿನ ಬಾಯಿಗೆ ಸಿಕ್ಕಿಸುವ ತುದಿ, ಜಾರಿ ತಲೆಯ ಗೀರು ಬೋಳಾಗುತ್ತದೆ. ಬೋಳಾದರೆ ಮುಗಿಯಿತು.

ಹೀಗೆ ಮಾಡಿ. ಗೀರಿನಲ್ಲಿನ ಬಣ್ಣ, ತುಕ್ಕು ದಬ್ಬಣದಿಂದ ಕೆರೆದು ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಇಡಿ. ಬೆಳಿಗ್ಗೆ ಹಳೇ ಸ್ಕ್ರೂಡ್ರೈವರ್ ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಎರಡು ಪೆಟ್ಟು. ತುಕ್ಕಿನ ಹಿಡಿತ ಒಡೆಯುತ್ತದೆ. ಮೊದಲು ಸ್ವಲ್ಪ ಬಿಗಿ ಮಾಡುವ ದಿಕ್ಕಿಗೆ ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಒಮ್ಮೆ ಕದಲಿದರೆ ಮುಂದಿನದು ಮೆಷಿನ್ ಮಾಡಲಿ. ಇಲ್ಲಿ ಶಿರಸಿ ಅಣ್ಣನ ಅಪ್ಪನ ಸ್ಕ್ರೂಡ್ರೈವರೇ ರಾಜ.

ಹೊಸದು ಹಾಕುವಾಗ ಹಳೇ ತರದ್ದೇ ಹಾಕಬೇಡಿ. ಸ್ಟೇನ್‌ಲೆಸ್ ಹಾಕಿ. 304 ಅಂತ ಬರುವುದು ಮನೆ ಒಳಗೆ ಸಾಕು. ಸಮುದ್ರಕ್ಕೆ ಮುಖ ಮಾಡಿದ ಕಿಟಕಿ, ಗೇಟಿಗೆ 316 ಸಿಕ್ಕರೆ ಒಳ್ಳೆಯದು. ಅದರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ, ಉಪ್ಪನ್ನು ತಡೆಯುವುದು ಅದೇ. ಬೆಲೆ ಜಾಸ್ತಿ, ಆದರೆ ಒಂದು ಕಿಟಕಿಗೆ ಎಷ್ಟು ಸ್ಕ್ರೂ ಬೇಕು?

ಅಲ್ಯುಮಿನಿಯಂ ಕಿಟಕಿಗೆ ಸ್ಟೇನ್‌ಲೆಸ್ ಹಾಕಿದರೆ ಮಾತ್ರ ಎಚ್ಚರ. ಎರಡು ಲೋಹದ ನಡುವೆ ಉಪ್ಪು ನೀರು ಸೇರಿದರೆ ಅಲ್ಯುಮಿನಿಯಂ ತಿಂದುಹೋಗುತ್ತದೆ, ಬಿಳಿ ಪುಡಿ ಕಟ್ಟಿ ಸ್ಕ್ರೂ ಕಚ್ಚಿಕೊಳ್ಳುತ್ತದೆ. ಹಾಕುವ ಮೊದಲು ಮೈಗೆ ಸ್ವಲ್ಪ ಗ್ರೀಸ್ ಹಚ್ಚಿ.

ಹೊನ್ನಾವರ ಬಡಿಗ

ಒಳ್ಳೆ ಮಾತು. ಹಿತ್ತಾಳೆ ಸ್ಕ್ರೂ ಬಗ್ಗೆಯೂ ಸೇರಿಸುತ್ತೇನೆ. ಹಳೇ ಮನೆಗಳ ಬಾಗಿಲಿಗೆ ಹಿತ್ತಾಳೆ ಬಿಜಾಗರಿ, ಹಿತ್ತಾಳೆ ಸ್ಕ್ರೂ ಇರುತ್ತದೆ. ಚೆಂದ, ಕೆಂಪು ತುಕ್ಕು ಇಲ್ಲ. ಆದರೆ ಹಿತ್ತಾಳೆ ಮೆದು. ಗಟ್ಟಿ ಮರಕ್ಕೆ ಮೆಷಿನ್ನಿನಿಂದ ನೇರ ಹಾಕಿದರೆ ಕುತ್ತಿಗೆಯಲ್ಲೇ ಮುರಿಯುತ್ತದೆ. ಮುರಿದ ತುಂಡು ಮತ್ತಿ ಮರದೊಳಗೆ ಉಳಿದರೆ ಅದನ್ನು ತೆಗೆಯುವ ಶಿಕ್ಷೆ ಶತ್ರುವಿಗೂ ಬೇಡ. ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ದಾರಿ ಮಾಡಿ, ಅದನ್ನು ಬಿಚ್ಚಿ ತೆಗೆದು, ಆ ದಾರಿಯಲ್ಲಿ ಹಿತ್ತಾಳೆಯದನ್ನು ಕೈಯಿಂದ ಹಾಕಿ. ಒಳಗೆ ಹೊರಗೆ ತಿರುಗಿಸುವ ಈ ಕೆಲಸಕ್ಕೆ ಸಣ್ಣ ಮೆಷಿನ್ ಬಹಳ ಅನುಕೂಲ.

ಯಲ್ಲಾಪುರ ವೈರಿಂಗ್

ಸ್ವಿಚ್‌ಬೋರ್ಡ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಈ ಮೆಷಿನ್‌ಗಳ ಬಿಟ್ ಬರೀ ಕಬ್ಬಿಣ. ಹಿಡಿ ಪ್ಲಾಸ್ಟಿಕ್ ಅಂತ ನಂಬಿ ಕರೆಂಟ್ ಇರುವ ಬೋರ್ಡಿಗೆ ಹಾಕಬೇಡಿ. ವಿದ್ಯುತ್ ಕೆಲಸದ ಸ್ಕ್ರೂಡ್ರೈವರ್ ಬೇರೆ ಬರುತ್ತದೆ, 1000 ವೋಲ್ಟ್ ಗುರುತು ಇರುತ್ತದೆ, ತುದಿ ಬಿಟ್ಟು ಪೂರ್ತಿ ಮುಚ್ಚಿರುತ್ತದೆ. ಬೋರ್ಡ್ ಬಿಚ್ಚುವ ಮೊದಲು ಮೇನ್ ಆಫ್. ಇನ್ವರ್ಟರ್ ಇದ್ದರೆ ಅದೂ ಆಫ್. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ ಹೊತ್ತು ನೋಡಿ ಬೋರ್ಡ್ ಬಿಚ್ಚುವವರಿದ್ದಾರೆ. ಅದು ಯಾವ ಕ್ಷಣ ಬರುತ್ತದೆ ಅಂತ ಯಾರಿಗೆ ಗೊತ್ತು? ಆಫ್ ಮಾಡಿದ ಮೇಲೂ ಟೆಸ್ಟರ್ ಹಾಕಿ ನೋಡಿ.

ಮೇನ್ ಆಫ್ ಆದ ಮೇಲೆ ಪ್ಲೇಟ್ ಸ್ಕ್ರೂ ಬಿಚ್ಚಲು ಮೆಷಿನ್ ಒಳ್ಳೆಯದು, ಆ ಸ್ಕ್ರೂಗಳು ಉದ್ದ, ಥ್ರೆಡ್ ಸಣ್ಣ, ಕೈಯಲ್ಲಿ ಬೇಜಾರು. ವಾಪಸ್ ಹಾಕುವಾಗ ಕ್ಲಚ್ ಬಳೆಯನ್ನು, ಅಂದರೆ ಇಟ್ಟಷ್ಟು ಬಲ ಬಿದ್ದ ಕೂಡಲೇ ತಿರುಚುವುದನ್ನು ನಿಲ್ಲಿಸುವ ಬಳೆಯನ್ನು, ಅತಿ ಕಡಿಮೆಗೆ ಇಡಿ. ಇಲ್ಲದಿದ್ದರೆ ಪ್ಲೇಟ್ ಮೂಲೆ ಬಿರಿಯುತ್ತದೆ. ವೈರ್ ಹಿಡಿಯುವ ಟರ್ಮಿನಲ್ ಸ್ಕ್ರೂ ಮಾತ್ರ ಕೈಯಲ್ಲೇ ಬಿಗಿಯಿರಿ, ಬಿಗಿದು ವೈರ್ ಎಳೆದು ನೋಡಿ. ಸಡಿಲ ಟರ್ಮಿನಲ್ ಬಿಸಿಯಾಗುತ್ತದೆ, ಗೀಸರ್ ಪ್ಲಗ್ ಕಪ್ಪಾಗುವುದು ಹಾಗೇ. ಒಳಗಿನ ವೈರ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ, ಇದರಲ್ಲಿ ನಾಚಿಕೆ ಬೇಡ.

ತೋಟದ ಮನೆ, ಶಿರಸಿ

ಇಷ್ಟು ಹೊಗಳಿದಿರಿ, ಈಗ ನಾನೊಂದು ಕೇಳುತ್ತೇನೆ. ಮಳೆಗಾಲಕ್ಕೆ ಮುಂಚೆ ಹಿಂದಿನ ಮಾಡಿಗೆ ತಗಡಿನ ಶೀಟ್ ಹಾಕಬೇಕು. ಕೆಳಗೆ ಕಬ್ಬಿಣದ ಚೌಕ ಪೈಪು. ತಾನೇ ಕೊರೆದುಕೊಂಡು ಹೋಗುವ ಸ್ಕ್ರೂ ಬರುತ್ತದಲ್ಲ, ತಲೆಗೆ ರಬ್ಬರ್ ವಾಷರ್ ಇರುವುದು. ಇದು ಈ ಮೆಷಿನ್ನಿಗೆ ಆಗುತ್ತದಾ?

ಹೊನ್ನಾವರ ಬಡಿಗ

ಭಾವ, ಇಲ್ಲ. ಒಂದೇ ಮಾತು. ಆ ಸ್ಕ್ರೂವಿನ ತುದಿಯೇ ಒಂದು ಸಣ್ಣ ಡ್ರಿಲ್ ಬಿಟ್. ಕಬ್ಬಿಣ ಕೊರೆಯಲು ಅದಕ್ಕೆ ನಿಮಿಷಕ್ಕೆ ಸಾವಿರಕ್ಕೂ ಮೇಲೆ ಸುತ್ತು ಬೇಕು, ಮೇಲಿನಿಂದ ಒತ್ತಡವೂ ಬೇಕು. 200 ಸುತ್ತಿನಲ್ಲಿ ಕೊರೆಯುವುದಿಲ್ಲ, ಉಜ್ಜಿ ತುದಿ ಮೊಂಡಾಗುತ್ತದೆ. 18 ವೋಲ್ಟ್‌ನ ಡ್ರಿಲ್ ಇಲ್ಲ ಪೆಟ್ಟು ಕೊಡುತ್ತಾ ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬೇಕು. ವಾಷರ್ ಅಪ್ಪಚ್ಚಿ ಆಗುವಷ್ಟು ಬಿಗಿಯಬಾರದು, ಸ್ವಲ್ಪ ಉಬ್ಬಿ ಕೂತರೆ ಸಾಕು. ಜಾಸ್ತಿ ಬಿಗಿದ ಕಡೆಯಿಂದಲೇ ಜೂನ್‌ನಲ್ಲಿ ಸೋರುವುದು. ಮತ್ತೆ ಮಾಡಿನ ಮೇಲೆ ಒಬ್ಬರೇ ಹತ್ತಬೇಡಿ.

ತೋಟದ ಮನೆ, ಶಿರಸಿ

ಹಾಗಾದರೆ ನನಗೆ ಇದು ಬೇಡ. ಅಡಿಕೆ ಸುಲಿಯುವ ಮೆಷಿನ್ನಿನ ಮುಚ್ಚಳ ಬಿಚ್ಚಲು ಬಂದೀತು. ಅದಕ್ಕೂ 10ರ ಸ್ಪ್ಯಾನರ್ ಬೇಕು.

ಸಿದ್ದಾಪುರ ಸೊಸೆ

10ರ ಸಾಕೆಟ್ ಇದಕ್ಕೂ ಹಾಕಬಹುದು ಭಾವಯ್ಯ. ಬಿಟ್ ಕೂರುವ ಬಾಯಿ ಹೆಚ್ಚಿನವುಗಳಲ್ಲಿ ಕಾಲು ಇಂಚಿನ ಆರು ಮೂಲೆಯದ್ದು, 6.35 ಮಿ.ಮೀ. ಅದೇ ಅಳತೆಯ ಸಾಕೆಟ್ ಅಡಾಪ್ಟರ್ ಸಿಗುತ್ತದೆ. ಮೊದಲು ಸ್ಪ್ಯಾನರಿನಿಂದ ಬಿಡಿಸಿಕೊಳ್ಳಿ, ಆಮೇಲೆ ಮೆಷಿನ್ನಿನಿಂದ ಸರ್ರಂತ ಬಿಚ್ಚಿ. ಸುಲಿಯುವ ಮೆಷಿನ್ನಿನ ಪ್ಲಗ್ ಮಾತ್ರ ಮೊದಲು ತೆಗೆದಿಡಿ.

ಬಿಟ್ ಬಗ್ಗೆ ಯಾರೂ ಹೇಳಲಿಲ್ಲ. ಜತೆಗೆ ಬರುವ ಮೂವತ್ತು ನಲವತ್ತು ಬಿಟ್ಟಿನ ಪೆಟ್ಟಿಗೆ ನೋಡಿ ಮರುಳಾಗಬೇಡಿ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬರುವುದು ನಾಲ್ಕೇ. ಪ್ಲಸ್‌ನಲ್ಲಿ ಪಿಎಚ್1, ಪಿಎಚ್2 (ಪಿಎಚ್ ಅಂದರೆ ಫಿಲಿಪ್ಸ್), ಕಪಾಟಿನ ಬಿಜಾಗರಿಗೆ ಪಿಝಡ್2 (ಪೋಝಿಡ್ರೈವ್), ಮತ್ತೆ ಕುರ್ಚಿ ಮೇಜು ಜೋಡಿಸುವ ಆರು ಮೂಲೆಯ ಅಲೆನ್ ಬಿಟ್. ಪಿಎಚ್, ಪಿಝಡ್ ಎರಡೂ ಪ್ಲಸ್ ತರಹವೇ ಕಾಣುತ್ತವೆ. ಪಿಝಡ್ ಸ್ಕ್ರೂವಿನ ತಲೆ ಮೇಲೆ ಪ್ಲಸ್ಸಿನ ನಡುವೆ ಸಣ್ಣ ಗೆರೆಗಳು ಅಡ್ಡ ಹೋಗಿರುತ್ತವೆ. ಅದಕ್ಕೆ ಪಿಎಚ್ ಬಿಟ್ ಹಾಕಿದರೆ ಕೂತ ಹಾಗೆ ಅನ್ನಿಸುತ್ತದೆ, ಬಲ ಬಿದ್ದಾಗ ಜಾರುತ್ತದೆ. ಮೆಷಿನ್ ಸರಿ ಇಲ್ಲ ಅಂತ ಬೈಯುವವರಲ್ಲಿ ಅರ್ಧ ಜನರ ಬಿಟ್ ಸರಿ ಇರುವುದಿಲ್ಲ ಅಂತ ನನ್ನ ಅನುಮಾನ. ಒಳ್ಳೆ ಉಕ್ಕಿನ ಪಿಎಚ್2 ಎರಡು ಬೇರೆಯೇ ತಂದಿಡಿ. ಉದ್ದದ ಮ್ಯಾಗ್ನೆಟ್ ಹೋಲ್ಡರ್ ಒಂದು.

ಇನ್ನು ಬ್ಯಾಟರಿ. ಹಳೇ ಕಾಲದ ಕ್ಯಾಡ್ಮಿಯಂ ಬ್ಯಾಟರಿಯವು ತಿಂಗಳು ಬಿಟ್ಟು ತೆಗೆದರೆ ಸತ್ತಿರುತ್ತಿದ್ದವು. ಲಿಥಿಯಂ ಬಂದ ಮೇಲೆ ಆ ಕಾಟ ಇಲ್ಲ. ಬಾಷ್‌ನವರ ಇಕ್ಸೊ ಎಂಬ ಸಣ್ಣ ಸ್ಕ್ರೂಡ್ರೈವರ್ 2003ರಲ್ಲಿ ಲಿಥಿಯಂ ಬ್ಯಾಟರಿಯಲ್ಲಿ ಬಂತು, ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಆದರೂ ಪೂರ್ತಿ ಖಾಲಿ ಮಾಡಿ ಮಳೆಗಾಲವಿಡೀ ಅಟ್ಟದ ಮೇಲೆ ಇಟ್ಟರೆ ಲಿಥಿಯಮ್ಮೂ ಹೋಗುತ್ತದೆ. ಅರ್ಧ ಚಾರ್ಜಿನಲ್ಲಿ, ತಂಪಾದ ಕಡೆ ಇಡಿ. ಯುಎಸ್‌ಬಿ ಇದ್ದದ್ದಾದರೆ ಪವರ್ ಬ್ಯಾಂಕಿನಿಂದಲೂ ಚಾರ್ಜ್ ಮಾಡಬಹುದು. ನಮ್ಮಲ್ಲಿ ಗಾಳಿಮಳೆ ಶುರುವಾದರೆ ಕರೆಂಟ್ ನೆನಪಾದಾಗ ಬರುತ್ತದೆ.

ಕಾಜುಬಾಗದವ

ಅಕ್ಕ, ಕರಾವಳಿಯ ತೇವಕ್ಕೆ ಮೆಷಿನ್ನಿಗೇ ತುಕ್ಕು ಹಿಡಿಯುವುದಿಲ್ಲವಾ? ಇಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ.

ಬೈತಖೋಲ್ ರಿಪೇರಿ

ಹಿಡಿಯುತ್ತದೆ. ಮೊದಲು ಬಿಟ್ಟಿಗೆ, ಆಮೇಲೆ ಬಾಯಿಗೆ. ವರ್ಷಕ್ಕೆ 3000 ಮಿ.ಮೀ. ಆಚೀಚೆ ಮಳೆ ಬೀಳುವ ಊರು ಇದು. ಮುಚ್ಚಳ ಬಿಗಿ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು ಹಾಕಿ. ಬಿಟ್ಟುಗಳಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಒರೆಸಿ. ತೆಂಗಿನೆಣ್ಣೆ ಬೇಡ, ಒಣಗಿ ಜಿಗುಟಾಗುತ್ತದೆ. ಒದ್ದೆ ಕೈಯಲ್ಲಿ ಚಾರ್ಜಿಗೆ ಹಾಕಬೇಡಿ.

ಬೆಲೆ ಬಗ್ಗೆಯೂ ಹೇಳುತ್ತೇನೆ. ಸಾವಿರದಿಂದ ಮೂರು ಮೂರೂವರೆ ಸಾವಿರದವರೆಗೆ ಇವೆ. ಬಹಳ ಅಗ್ಗದ್ದರಲ್ಲಿ ಕ್ಲಚ್ ಇರುವುದಿಲ್ಲ. ಕ್ಲಚ್ ಇಲ್ಲದ್ದು ನನ್ನ ಲೆಕ್ಕದಲ್ಲಿ ಆಟಿಕೆ. ಮನೆಯವರು ಹೇಳಿದ ದೊಡ್ಡದು ಬೇಕಾದರೆ 12 ವೋಲ್ಟ್‌ನ ಡ್ರಿಲ್ ಡ್ರೈವರ್ ತಗೊಳ್ಳಿ, ಮರ, ತಗಡು ಎರಡೂ ಕೊರೆಯುತ್ತದೆ. ಹ್ಯಾಮರ್ ಇಲ್ಲದ ಮಾದರಿ ಆದರೆ ಗೋಡೆಗೆ ಅದೂ ಸಾಲದು.

ಕುಮಟಾ ಅಕ್ಕ

ಈ ಚರ್ಚೆ ನಡೆದಿರುವಾಗಲೇ ನನ್ನದೊಂದು ಪ್ರಶ್ನೆ. ಟೇಬಲ್ ಫ್ಯಾನಿನ ರೆಕ್ಕೆ ತೊಳೆಯಬೇಕು. ಮುಂದಿನ ಪ್ಲಾಸ್ಟಿಕ್ ಟೊಪ್ಪಿ ತಿರುಗಿಸಿದಷ್ಟೂ ಬಿಗಿ ಆಗುತ್ತಿದೆ. ಇದಕ್ಕೆ ಮೆಷಿನ್ ಹಚ್ಚಲು ಜಾಗವೂ ಇಲ್ಲ.

ಬೈತಖೋಲ್ ರಿಪೇರಿ

ಅಕ್ಕ, ಅದರ ಥ್ರೆಡ್ ಉಲ್ಟಾ. ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿ, ಬಿಚ್ಚಿಕೊಳ್ಳುತ್ತದೆ. ಫ್ಯಾನ್ ತಿರುಗುವಾಗ ತಾನಾಗಿ ಸಡಿಲ ಆಗಬಾರದು ಅಂತ ಹಾಗೆ ಮಾಡಿರುತ್ತಾರೆ. ಸೈಕಲ್ಲಿನ ಎಡ ಪೆಡಲಿಗೂ ಅದೇ ಥ್ರೆಡ್. ರೆಕ್ಕೆ ತೆಗೆದ ಮೇಲೆ ಜಾಲರಿ ಹಿಡಿದಿರುವ ನಟ್ ಇದೆಯಲ್ಲ, ಅದು ಸಾಧಾರಣವಾಗಿ ಮಾಮೂಲಿ ದಿಕ್ಕು. ಪ್ಲಗ್ ತೆಗೆದಿದ್ದೀರಿ ತಾನೆ?

ಕುಮಟಾ ಅಕ್ಕ

ತೆಗೆದಿದ್ದೇನೆ ತಮ್ಮಾ. ಬಂತು, ಕೈಯಲ್ಲೇ ಬಂತು. ಜಾಲರಿ ಅಂಚಿನ ಸಣ್ಣ ಸ್ಕ್ರೂ ಒಂದಕ್ಕೆ ಮೆಷಿನ್ ಹಚ್ಚಿದೆ, ಪಿಎಚ್1.